ಕಂಪ್ಯೂಟರ್ ಹ್ಯಾಂಗ್ ಆಯ್ತಾ? ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಮಧ್ಯಾಹ್ನ ಊಟದ ಕೆಲಸ ಮುಗಿಸಿ, ಮಗಳ ಶಾಲೆಯ ಪ್ರಾಜೆಕ್ಟ್ ಟೈಪ್ ಮಾಡಿಕೊಡೋಣ ಅಂತ ಕೂತಿರುತ್ತೀರಿ. ಮೂರು ಪುಟ ಆಗಿರುತ್ತೆ. ಅಷ್ಟರಲ್ಲಿ ಮೌಸ್ ಅಲ್ಲಾಡೋದಿಲ್ಲ, ಕೀಲಿ ಒತ್ತಿದರೆ ಸುದ್ದಿಯಿಲ್ಲ. ಇಲ್ಲವೇ ಪರದೆಯೆಲ್ಲ ನೀಲಿಯಾಗಿ, ಏನೇನೋ ಇಂಗ್ಲಿಷ್ ಅಕ್ಷರ ತೋರಿಸಿ, ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಗುತ್ತೆ. ಸಂಜೆ ಯಜಮಾನರು ಬಂದು ‘ನೀನೇ ಏನೋ ಒತ್ತಿರ್ತೀಯ’ ಅನ್ನುತ್ತಾರೆ. ನೀವು ಏನೂ ಒತ್ತಿರುವುದಿಲ್ಲ!

ರಿಪೇರಿಯವರನ್ನು ಕರೆದರೆ ಬಹಳ ಮಂದಿ ಹೇಳೋದು ಒಂದೇ ಮಾತು: ‘ಫಾರ್ಮ್ಯಾಟ್ ಮಾಡ್ಬೇಕು ಮೇಡಂ.’ ನಮ್ಮ ಮನೆಯಲ್ಲೂ ಹೀಗೇ ಆಯಿತು. ನಾನು ಹೂಂ ಅಂದುಬಿಟ್ಟೆ. ತಂಗಿಯ ಸೀಮಂತದ ಫೋಟೋಗಳು, ತೀರಿಹೋದ ನಮ್ಮತ್ತೆ ಹಾಡಿ ರೆಕಾರ್ಡ್ ಮಾಡಿಸಿದ್ದ ಹಸೆಹಾಡುಗಳು, ಎಲ್ಲ ಹೋದವು. ವಾರ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಮತ್ತೆ ಹ್ಯಾಂಗ್! ಕೊನೆಗೆ ನೋಡಿದರೆ ಒಳಗಿನ ಫ್ಯಾನ್‌ಗೆ ಧೂಳು ಮೆತ್ತಿಕೊಂಡು ತಿರುಗುತ್ತಲೇ ಇರಲಿಲ್ಲ. ಧೂಳಿಗೆ ಫಾರ್ಮ್ಯಾಟ್ ಮದ್ದೇ?

ಆದ್ದರಿಂದ ಕಂಪ್ಯೂಟರ್ ಸ್ವಲ್ಪ ಹೊತ್ತಾದರೂ ನಡೆಯುತ್ತಿರುವಾಗಲೇ ಫೋಟೋ, ಹಾಡು, ಕಾಗದಪತ್ರಗಳನ್ನೆಲ್ಲ ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಒಂದು ಫೈಲ್ ತೆರೆಯಲು ಯುಗ ಹಿಡಿಯುತ್ತಿದ್ದರೆ, ಹಾರ್ಡ್ ಡಿಸ್ಕ್ ಕೈಕೊಡುತ್ತಿರಬಹುದು. ಆಗ ಕಾಪಿ ಮುಗಿಯುವ ತನಕ ಬೇರೆ ಪ್ರಯೋಗಕ್ಕೆ ಹೋಗಲೇಬೇಡಿ.

ಆಮೇಲೆ, ಯಾವಾಗ ನಿಲ್ಲುತ್ತೆ ಅನ್ನೋದನ್ನು ಗಮನಿಸಿ. ಆನ್ ಮಾಡಿ ಅರ್ಧ ಗಂಟೆಯಾದ ಮೇಲೆ, ಮಕ್ಕಳು ಗೇಮ್ ಆಡುವಾಗ, ಫ್ಯಾನ್ ಜೋರಾಗಿ ಗುರ್ ಅಂದ ಮೇಲೆ ಹೀಗಾಗುತ್ತಿದ್ದರೆ ಬಿಸಿಯೇ ಕಾರಣವಿರಬಹುದು. ಪ್ರೊಸೆಸರ್ ತೀರಾ ಕಾದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗದಿರಲಿ ಎಂದು ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. ಸಿಪಿಯು ಡಬ್ಬವನ್ನು ಗೋಡೆಗೆ ಒತ್ತಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದೀರಾ? (ಚೆಂದ ಕಾಣಲಿ ಅಂತ ನಾನೂ ಇಟ್ಟಿದ್ದೆ.) ತೆಗೆದುಬಿಡಿ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಮೆತ್ತನೆಯ ಒಣ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ. ಫ್ಯಾನ್ ತಿರುಗದಂತೆ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಆದರೆ ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ. ಅದರ ಒಳಗಿನ ಧೂಳನ್ನು ಗೊತ್ತಿರುವವರೇ ತೆಗೆಯಲಿ.

ನೀಲಿ ಪರದೆ ಬಂದಾಗಲೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವಿಂಡೋಸ್ 11ರಲ್ಲಿ 2025ರ ಅಪ್‌ಡೇಟ್ ಆದ ಮೇಲೆ ಅದು ಕಪ್ಪು ಬಣ್ಣದಲ್ಲಿ ಬರುತ್ತದೆ, ಗಾಬರಿಯಾಗಬೇಡಿ. ಸಲಕ್ಕೊಂದು ಸಂದೇಶ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನಪಡಬಹುದು. ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ರ‍್ಯಾಮ್ ಪರೀಕ್ಷೆ ಮಾಡುತ್ತದೆ. ನೀವು ಅಷ್ಟರಲ್ಲಿ ಸಂಜೆಯ ತಿಂಡಿ ಮಾಡಿಕೊಂಡು ಬನ್ನಿ. ಇನ್ನು ಫ್ರಿಜ್, ಮಿಕ್ಸಿ ಶುರುವಾದಾಗಲೇ ಆಫ್ ಆಗುತ್ತಿದ್ದರೆ ಯುಪಿಎಸ್ ಬ್ಯಾಟರಿ ಅಥವಾ ಪ್ಲಗ್ ಪಾಯಿಂಟ್ ತೋರಿಸಿ.

ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನವನ್ನು ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀವಲ್ಲ, ವಿಂಡೋಸ್ ಕೂಡ ಅಂಥದೇ ಲೆಕ್ಕ ಇಟ್ಟಿರುತ್ತದೆ! ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ‘ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತೆ. ಕೈಕೊಟ್ಟ ದಿನಗಳ ಮೇಲೆ ಕೆಂಪು ಗುರುತು ಇರುತ್ತದೆ. ಮಗ ಯಾವುದೋ ಗೇಮ್ ಹಾಕಿದ ದಿನದಿಂದಲೇ ಕೆಂಪು ಶುರುವಾಗಿದ್ದರೆ ಅದನ್ನು ತೆಗೆದು ನೋಡಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಸಿ, ಅವೆರಡರ ಜಗಳದಲ್ಲೂ ಕಂಪ್ಯೂಟರ್ ನಿಂತುಬಿಡುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿಯವರಿಗೆ ಆ ಫೋಟೋ, ಆ ತಾರೀಖು ತೋರಿಸಿ, ‘ಮೊದಲು ಫ್ಯಾನು, ರ‍್ಯಾಮು, ಹಾರ್ಡ್ ಡಿಸ್ಕ್ ನೋಡಿ’ ಅನ್ನಿ. ಫಾರ್ಮ್ಯಾಟ್ ಮಾಡಲೇಬೇಕು ಅಂದರೆ, ನೀವು ಕಾಪಿ ಮಾಡಿಟ್ಟ ಫೈಲುಗಳು ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ ಅಂತ ನೋಡಿಕೊಂಡು ಬಂದೇ ಹೂಂ ಅನ್ನಿ.