ಕರೆಯದೆ ಬರುವ ಪ್ಯಾಕೆಟ್ಟು

1981ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕದ ಮುಂದಿರಿಸಿತು. ಮರುತಿಂಗಳೇ, ಇಂದಿನ ಇಂಟರ್‌ನೆಟ್ಟಿಗೆ ಆಧಾರಭೂತವಾದ ಐಪಿ ಮತ್ತು ಟಿಸಿಪಿ ಎಂಬ ನಿಯಮಾವಳಿಗಳು ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಪ್ರಕಟವಾದುವು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳಕು ಕಂಡರೂ ಇವು ಒಂದನ್ನೊಂದು ಉದ್ದೇಶಿಸಿ ಹುಟ್ಟಿದುವಲ್ಲ. ನಿಯಮಾವಳಿಗಳನ್ನು ರೂಪಿಸಿದವರ ಕಣ್ಣೆದುರಿಗಿದ್ದುದು ಹಲವರು ಏಕಕಾಲಕ್ಕೆ ಬಳಸುತ್ತಿದ್ದ, ಸಂಶೋಧನಾಲಯಗಳ ದೊಡ್ಡ ಯಂತ್ರಗಳು. ಐಬಿಎಂ ಗಣಕವಾದರೋ ಒಬ್ಬನ ಮೇಜಿನ ಮೇಲೆ ಕುಳಿತು, ಡಾಸ್ ಎಂಬ ಕಾರ್ಯವ್ಯವಸ್ಥೆಯ ಆಶ್ರಯದಲ್ಲಿ, ಒಂದು ಸಲಕ್ಕೆ ಒಂದೇ ಕಾರ್ಯವನ್ನು ನಡೆಸತಕ್ಕ ಸಾಧನ. ಅದರ 8088 ಪ್ರೊಸೆಸರಿನ ಗಡಿಯಾರವು ಸೆಕೆಂಡಿಗೆ 47 ಲಕ್ಷ 70 ಸಾವಿರ ಬಾರಿ ಮಿಡಿಯುತ್ತಿದ್ದಿತು. ಡಾಸ್ ಮತ್ತು ಪ್ರೋಗ್ರಾಂಗಳಿಗೆ ದೊರೆಯಬಹುದಾಗಿದ್ದ ಸ್ಮೃತಿಯ ಪರಮಾವಧಿ 640 ಕಿಲೋಬೈಟ್. ಇಂತಹ ಅಲ್ಪಪ್ರಾಣದ ಯಂತ್ರವೂ ಜಾಲದಲ್ಲಿ ಸಮಾನಸ್ಕಂಧನಾಗಿ ಪಾಲ್ಗೊಳ್ಳಬಲ್ಲುದೆಂಬುದನ್ನು ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್, ಡೇವಿಡ್ ಕ್ಲಾರ್ಕ್, ಜಾನ್ ರಾಮ್ಕೀ ಮೊದಲಾದವರು ಪ್ರೋಗ್ರಾಂ ಬರೆದೇ ತೋರಿಸಿಕೊಟ್ಟರು.

ಜಾಲದ ಕಾರ್ಯದಲ್ಲಿ ಕಳುಹುವುದು ಸುಲಭ, ಬರಮಾಡಿಕೊಳ್ಳುವುದು ಕಷ್ಟ. ಕಳುಹುವವನು ತನಗೆ ಅನುಕೂಲವಾದ ಗಳಿಗೆಯನ್ನು ನೋಡಿಕೊಂಡು, ವಿಳಾಸವನ್ನೂ ವಿಷಯವನ್ನೂ ಕ್ರಮವಾಗಿ ಒಂದು ಪ್ಯಾಕೆಟ್ಟಾಗಿ ಜೋಡಿಸಿ, ತಂತಿಗೆ ಒಪ್ಪಿಸಬಹುದು. ಸ್ವೀಕರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಪಾತ್ರೆ ತೊಳೆದಿಟ್ಟ ಮೇಲೆ ಬಾಗಿಲು ತಟ್ಟುವ ನೆಂಟರಂತೆ ಪ್ಯಾಕೆಟ್ಟು ತನ್ನ ಹೊತ್ತಿಗೆ ತಾನು ಬಂದು ನಿಲ್ಲುತ್ತದೆ. ಹಳೆಯ ಗಣಕದಲ್ಲಿ ಈ ಕಷ್ಟವನ್ನು ಅಂಕಿಗಳಲ್ಲಿಯೇ ಅಳೆಯಬಹುದು. ಈಥರ್‌ನೆಟ್ ತಂತಿಯ ವೇಗ ಆಗ ಸೆಕೆಂಡಿಗೆ ಒಂದು ಕೋಟಿ ಬಿಟ್. ಅದರ ಮೇಲೆ ಪ್ಯಾಕೆಟ್ಟನ್ನು ಹೊತ್ತು ಸಾಗುವ ಕಟ್ಟಿಗೆ ಫ್ರೇಮ್ ಎಂದು ಹೆಸರು. 64 ಬೈಟುಗಳ ಕನಿಷ್ಠ ಗಾತ್ರದ ಫ್ರೇಮೊಂದು, ತನ್ನ ಮುಂದೆ ಬರುವ ಎಚ್ಚರಿಕೆಯ ಸಂಜ್ಞೆಯನ್ನೂ ತನ್ನ ಬಳಿಕದ ವಿರಾಮವನ್ನೂ ಕೂಡಿಕೊಂಡು, ಸುಮಾರು 67 ಮೈಕ್ರೊಸೆಕೆಂಡುಗಳಲ್ಲಿ ಹಾದುಹೋಗುತ್ತದೆ. ಅಷ್ಟರಲ್ಲಿ ಪ್ರೊಸೆಸರಿನ ಪಾಲಿಗೆ ದೊರೆಯುವುದು ಸುಮಾರು 320 ಮಿಡಿತಗಳು ಮಾತ್ರ. ಬೈಟುಬೈಟಾಗಿ ನಕಲಿಸುವ ಆದೇಶವು ಒಂದೊಂದು ಬೈಟಿಗೂ 17 ಮಿಡಿತಗಳನ್ನು ನುಂಗುವುದರಿಂದ, 1514 ಬೈಟುಗಳ ದೊಡ್ಡ ಫ್ರೇಮನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎತ್ತಿಡಲು 5 ಮಿಲಿಸೆಕೆಂಡುಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ತಂತಿಯು ಅದೇ ಗಾತ್ರದ ಇನ್ನೂ ನಾಲ್ಕನ್ನು ತಂದೊಪ್ಪಿಸಬಲ್ಲುದು.

ಇದಕ್ಕೆ ಮೊದಲ ಪರಿಹಾರವು ಜಾಲದ ಕಾರ್ಡಿನಲ್ಲಿಯೇ ದೊರೆಯಬೇಕಾಗಿದ್ದಿತು. ಈಥರ್‌ನೆಟ್ಟಿನ ಜನಕರಲ್ಲೊಬ್ಬರಾದ ರಾಬರ್ಟ್ ಮೆಟ್‌ಕಾಫ್ ಸ್ಥಾಪಿಸಿದ ತ್ರೀಕಾಮ್ ಸಂಸ್ಥೆಯು 1982ರಲ್ಲಿ ಹೊರತಂದ ಈಥರ್‌ಲಿಂಕ್ ಕಾರ್ಡಿನಲ್ಲಿ ಇದ್ದುದು ಬಂದುದನ್ನು ತಾತ್ಕಾಲಿಕವಾಗಿ ಹಿಡಿದಿಡುವ 2 ಕಿಲೋಬೈಟುಗಳ ಒಂದೇ ಬಫರ್. ಅದರಲ್ಲಿರುವುದನ್ನು ತೆಗೆದು ಬರಿದುಮಾಡುವವರೆಗೆ ಬಂದದ್ದೆಲ್ಲವೂ ನಷ್ಟ. ಅನಂತರ ಬಂದ ಎನ್‌ಇ1000 ಕಾರ್ಡು 8 ಕಿಲೋಬೈಟ್ ಸ್ಮೃತಿಯನ್ನು 256 ಬೈಟುಗಳ ಪುಟಗಳಾಗಿ ವಿಭಾಗಿಸಿ, ಅವುಗಳಲ್ಲಿ ಹೆಚ್ಚಿನವನ್ನು ವರ್ತುಲಾಕಾರವಾಗಿ ಜೋಡಿಸಿಕೊಂಡಿತು: ಕಾರ್ಡು ಒಂದು ತುದಿಯಲ್ಲಿ ಬರೆಯುತ್ತ ಸಾಗಿದರೆ ಪ್ರೋಗ್ರಾಂ ಇನ್ನೊಂದು ತುದಿಯಿಂದ ಓದುತ್ತ ಬರುತ್ತದೆ; ಕೊನೆಯ ಪುಟ ಮುಗಿದೊಡನೆ ಬರವಣಿಗೆಯು ಮೊದಲ ಪುಟಕ್ಕೆ ಮರಳುತ್ತದೆ.

ಆದರೆ ಒಂದೊಂದು ಕಾರ್ಡಿನ ರೀತಿಯೂ ಒಂದೊಂದು ಬಗೆಯಾದುದರಿಂದ, ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರೋಗ್ರಾಂ ಬರೆಯುವ ಸಂಕಟವು ಉಳಿದೇ ಇದ್ದಿತು. ಎಂಐಟಿಯನ್ನು ಬಿಟ್ಟ ರಾಮ್ಕೀ ಮತ್ತು ಸಂಗಡಿಗರು ಸ್ಥಾಪಿಸಿದ ಎಫ್‌ಟಿಪಿ ಸಾಫ್ಟ್‌ವೇರ್ ಸಂಸ್ಥೆಯು ಇದಕ್ಕೆ ಪ್ಯಾಕೆಟ್ ಡ್ರೈವರ್ ಎಂಬ ಒಪ್ಪಂದವನ್ನು ಪ್ರಕಟಿಸಿತು. ಕಾರ್ಡಿನ ಗುಟ್ಟುಗಳನ್ನೆಲ್ಲ ಬಲ್ಲ ಸಣ್ಣದೊಂದು ಪ್ರೋಗ್ರಾಂ ಸ್ಮೃತಿಯಲ್ಲಿ ನೆಲೆಸಿರುತ್ತದೆ. ಪ್ಯಾಕೆಟ್ಟು ಬಂದಾಗ ಅದು ಮೇಲಿನ ಪ್ರೋಗ್ರಾಮನ್ನು ಎರಡು ಸಲ ಕರೆಯುತ್ತದೆ. ಮೊದಲ ಕರೆಯಲ್ಲಿ, ಇಷ್ಟು ಬೈಟುಗಳು ಬಂದಿವೆ, ಎಲ್ಲಿಡಲಿ ಎಂಬ ಪ್ರಶ್ನೆ; ಎರಡನೆಯದರಲ್ಲಿ, ಇಟ್ಟಾಯಿತು ಎಂಬ ವರದಿ. ಮೊದಲ ಕರೆಗೆ ಸೊನ್ನೆಯನ್ನು ಉತ್ತರವಾಗಿತ್ತರೆ, ಎಡೆಯಿಲ್ಲವೆಂದು ತಿಳಿದು ಡ್ರೈವರು ಆ ಪ್ಯಾಕೆಟ್ಟನ್ನು ಅಲ್ಲಿಯೇ ತ್ಯಜಿಸುತ್ತದೆ. ಈ ಕರೆಗಳು ಬರುವುದು ಇಂಟರಪ್ಟಿನ ನಡುವೆ, ಅಂದರೆ ಗಣಕವು ಬೇರಾವುದೋ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿರುವಾಗ. ಡಾಸ್ ತನ್ನ ಒಂದು ಕಾರ್ಯದ ಮಧ್ಯದಲ್ಲಿ ಮತ್ತೊಂದಕ್ಕೆ ಓಗೊಡಲಾರದ ಕಾರಣ, ಬಂದುದನ್ನು ಆ ಕ್ಷಣವೇ ಡಿಸ್ಕಿಗೆ ಬರೆಯುವಂತಿಲ್ಲ. ಬಫರಿನಲ್ಲಿರಿಸಿ, ಗುರುತು ಹಾಕಿ, ತತ್‌ಕ್ಷಣ ಹಿಂದಿರುಗತಕ್ಕದ್ದು.

ಹೀಗೆ ತ್ಯಜಿಸಿದ ಪ್ಯಾಕೆಟ್ಟಿನ ಗತಿಯೇನೆಂದು ಓದುಗರು ಕೇಳಬಹುದು. ಐಪಿಯು ಯಾವ ಪ್ಯಾಕೆಟ್ಟೂ ತಲಪಿಯೇ ತೀರುವುದೆಂದು ಮಾತು ಕೊಟ್ಟಿಲ್ಲ. ಅದರ ಮೇಲೆ ನಿಂತ ಟಿಸಿಪಿಯಾದರೋ, ಕಳುಹಿದ ಪ್ರತಿ ಬೈಟಿಗೂ ಕ್ರಮಸಂಖ್ಯೆಯಿಟ್ಟು, ಸ್ವೀಕೃತಿ ಬರುವವರೆಗೆ ಅದರ ಪ್ರತಿಯನ್ನು ಕಾದಿರಿಸಿಕೊಂಡು, ಸಕಾಲದಲ್ಲಿ ಉತ್ತರ ಬಾರದಿದ್ದರೆ ಪುನಃ ಕಳುಹುತ್ತದೆ. ಅಲ್ಲದೆ, ಸ್ವೀಕರಿಸುವ ಗಣಕವು ತನ್ನಲ್ಲಿ ಇನ್ನೆಷ್ಟು ಬೈಟುಗಳಿಗೆ ಎಡೆಯಿದೆಯೆಂಬುದನ್ನು ಪ್ರತಿ ಉತ್ತರದಲ್ಲಿಯೂ ನಮೂದಿಸಬೇಕು; ಕಳುಹುವ ಯಂತ್ರವು ಎಷ್ಟೇ ಬಲಿಷ್ಠವಾಗಿದ್ದರೂ ಆ ಮಿತಿಯನ್ನು ಮೀರುವಂತಿಲ್ಲ. ವಿಂಡೋ ಎಂಬ ಹೆಸರಿನ ಈ ಏರ್ಪಾಟಿನಿಂದಾಗಿ, ಸಂಭಾಷಣೆಯ ವೇಗವನ್ನು ನಿರ್ಣಯಿಸುವ ಅಧಿಕಾರದಲ್ಲಿ ದುರ್ಬಲನಿಗೂ ಪಾಲು ದೊರೆಯಿತು.

ಮೈಕೆಲ್ ಬ್ರಟ್‌ಮನ್ ಎಂಬವರು ರಚಿಸಿದ ಎಂಟಿಸಿಪಿ ಎಂಬ ಪ್ರೋಗ್ರಾಂಗಳ ನೆರವಿನಿಂದ 8088 ಗಣಕಗಳು ಈ ಕಾಲದಲ್ಲಿಯೂ ಇಂಟರ್‌ನೆಟ್ಟಿನಲ್ಲಿ ವ್ಯವಹರಿಸುತ್ತಿವೆ. ಅತ್ತ, ಇಂದಿನ ಮಹಾಯಂತ್ರಗಳ ಕಾರ್ಡುಗಳಲ್ಲಿಯೂ ವರ್ತುಲಾಕಾರದ ಬಫರುಗಳಿವೆ. ಅವು ತುಂಬಿದಾಗ ಅಲ್ಲಿಯೂ ಪ್ಯಾಕೆಟ್ಟುಗಳು ನಷ್ಟವಾಗುತ್ತವೆ. ಕಾರ್ಯವ್ಯವಸ್ಥೆಯ ಹಲವು ಪದರಗಳು ಈ ಗೃಹಕೃತ್ಯವನ್ನೆಲ್ಲ ಮರೆಮಾಡಿರುವುದರಿಂದ ಇಂದಿನ ಪ್ರೋಗ್ರಾಮರನು ಒಂದು ಸಾಲು ಬರೆದು ಫಲವನ್ನು ಪಡೆಯುತ್ತಾನೆ. ಹಳೆಯ ಗಣಕದ ಮುಂದೆ ಕುಳಿತವನಿಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ತಾನೇ ಬರೆಯದೆ ಗತ್ಯಂತರವಿಲ್ಲ; ನಿಶ್ಚಿಂತೆಯಿಂದ ನಿರಾಕರಿಸುವ ಅವಕಾಶದ ಮೇಲೆಯೇ ಜಾಲದ ವಿಶ್ವಾಸಾರ್ಹತೆಯು ನಿಂತಿದೆಯೆಂಬ ತತ್ತ್ವವನ್ನು ಅವನು ಕಲಿಯುವುದು ಆ ಅನಿವಾರ್ಯತೆಯಿಂದಲೇ.