ಬಾಗಿಲ ಸದ್ದು ಕೇಳುವವರೆಗೂ

ಹಗಲಿನ ಹಿರೀಸಾವೆಯಲ್ಲಿ ಹೆಂಗಸರದ್ದೇ ಓಡಾಟ. ಹೆದ್ದಾರಿ ಬದಿಗೆ ಕೆಂಪು ಬಸ್ಸು ಬಂದು ನಿಂತರೆ ಸಾಕು, ಬಾಗಿಲಲ್ಲಿ ನೂಕುನುಗ್ಗಲು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡೊಂದನ್ನು ಪರ್ಸಿನಲ್ಲಿಟ್ಟುಕೊಂಡು ಅಮಾವಾಸ್ಯೆಗೆ ಚುಂಚನಗಿರಿಗೆ ಹೋಗುವವರು, ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೊರಟವರು, ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಗಂಟು ಕಟ್ಟಿದವರು ಯಾರ ಮುಂದೆಯೂ ದುಡ್ಡಿಗೆ ಕೈಯೊಡ್ಡದೆ ಬಸ್ಸು ಹತ್ತುತ್ತಾರೆ. ಶ್ರವಣಬೆಳಗೊಳದ ದಾರಿ ಇಲ್ಲೇ ಒಡೆಯುವುದರಿಂದ ಒಮ್ಮೊಮ್ಮೆ ಬೆನ್ನಿಗೆ ದೊಡ್ಡ ಚೀಲ ಹೇರಿಕೊಂಡ ವಿದೇಶಿ ಹೆಣ್ಣುಮಗಳೊಬ್ಬಳೂ ಇಳಿಯುತ್ತಾಳೆ. ಹೂ ಕಟ್ಟುತ್ತಾ ಕೂತವಳು ತಲೆಯೆತ್ತಿ, "ಒಬ್ಳೇ ಬಂದವ್ಳಲ್ಲ ಪಾಪ, ಹೆದ್ರಿಕೆ ಆಗಲ್ವಾ ಇವ್ಳಿಗೆ?" ಅನ್ನುತ್ತಾಳೆ. ಪಕ್ಕದವಳು ಉತ್ತರ ಹೇಳುವ ಬದಲು ಸ್ವಲ್ಪ ಜರುಗಿ ಆ ಹುಡುಗಿಗೆ ಕೂರಲು ಜಾಗ ಮಾಡಿಕೊಡುತ್ತಾಳೆ.

ಅದೇ ಪ್ರಶ್ನೆಯನ್ನು ರಾತ್ರಿ ಹೊತ್ತು, ದೇಶ ಬದಲಾಯಿಸಿ ಕೇಳುವ ಮನೆಯೊಂದು ಇದೇ ಊರಿನಲ್ಲಿದೆ. ಆ ಮನೆಯ ಮಗಳು ನರ್ಸ್. ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಅವಳು ಬಸ್ಸಿಳಿಯುವ ಹೊತ್ತಿಗೆ ಅಲ್ಲಿ ರಾತ್ರಿ ಒಂಬತ್ತರ ಹತ್ತಿರ. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ ಹಿರೀಸಾವೆಯಲ್ಲಿ ಆಗ ನಡುರಾತ್ರಿ ಎರಡು ದಾಟಿರುತ್ತದೆ. ಹೆದ್ದಾರಿಯಲ್ಲಿ ಮಂಗಳೂರಿನ ಲಾರಿಗಳು ಬಿಟ್ಟರೆ ಊರು ನಿದ್ದೆಯಲ್ಲಿ. ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಸುರಿದ ಕಾಯಿಗಳ ರಾಶಿ, ಕೆಳಗೆ ಅಡುಗೆಮನೆ, ಅಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿದ ಫೋನು. ಹೊದ್ದ ಕಂಬಳಿಯಲ್ಲೇ ತಾಯಿ ಅದರ ಮುಂದೆ ಕೂತಿರುತ್ತಾರೆ. ನಾನು ಉಳಿದುಕೊಂಡಿದ್ದ ರಾತ್ರಿಯೂ ಹಾಗೆಯೇ ಕೂತಿದ್ದರು.

"ಎಲ್ಲಿದ್ದೀಯೆ ಮಗಾ?"

"ಬಸ್ಸಿಳಿದೆ ಕಣಮ್ಮ. ನೀನು ಮಲ್ಕೋಬಾರ್ದಾ?"

"ಹಿಂದೆ ಯಾರಾರ ಬತ್ತಾವ್ರಾ ನೋಡ್ಕೊ."

"ಒಬ್ಬಮ್ಮ ನಾಯಿ ಹಿಡ್ಕೊಂಡು ಹೋಗ್ತಾವ್ಳೆ, ಅಷ್ಟೇ."

ಪರದೆಯಲ್ಲಿ ಮಗಳ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಟೋಪಿಯ ಅಂಚು, ಬಾಯಿಂದ ಬರುವ ಹಬೆ, ಬೀದಿದೀಪ ಬಂದಾಗ ಹಳದಿ, ಹೋದಾಗ ಕಪ್ಪು. ಕಪ್ಪಾದಾಗಲೆಲ್ಲ ತಾಯಿ ಫೋನಿಗೆ ಇನ್ನಷ್ಟು ಹತ್ತಿರ ಬಾಗುತ್ತಿದ್ದರು. ಮಾತು ಮುಗಿದಿತ್ತು, ಕರೆ ಮಾತ್ರ ಮುಗಿದಿರಲಿಲ್ಲ. ಬೂಟುಗಾಲಿನ ಟಪಟಪ ಕೇಳುತ್ತಲೇ ಇತ್ತು. ಬೀಗಕ್ಕೆ ಕೀ ತಿರುಗಿದ ಸದ್ದು, ಬಾಗಿಲು ದೂಡಿದ ಸದ್ದು, ಒಳಗಿನಿಂದ ಮಲಯಾಳಂನಲ್ಲಿ ಯಾರೋ ಏನೋ ಕೂಗಿದ್ದು, ಇಷ್ಟು ಕಿವಿಗೆ ಬಿದ್ದ ಮೇಲೆಯೇ "ಊಟ ಮಾಡಿ ಮಲ್ಕೊ" ಎಂದು ಹೇಳಿ ಫೋನಿಟ್ಟರು.

ಈ ಕಾವಲು ಮೊದಲಿರಲಿಲ್ಲವಂತೆ. 2025ರ ಬೇಸಿಗೆಯಲ್ಲಿ ಡಬ್ಲಿನ್ ಸುತ್ತಮುತ್ತ ಭಾರತೀಯರ ಮೇಲೆ ಒಂದರ ಹಿಂದೊಂದು ಹಲ್ಲೆಗಳಾದವು. ಆಗಸ್ಟ್ 1ರಂದು ಅಲ್ಲಿನ ನಮ್ಮ ರಾಯಭಾರ ಕಚೇರಿಯೇ, ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಎಂದು ಸೂಚನೆ ಹೊರಡಿಸಿತು. ಅದು ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಸುತ್ತಿ ಹಿರೀಸಾವೆಗೂ ಬಂತು. ಜೂನ್ ತಿಂಗಳಲ್ಲಿ ಡಬ್ಲಿನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಕ್ಕೇ ಕತ್ತಲೆ. ಹಾಗಾಗಿ ಈ ತಾಯಿಗೆ ಚಳಿಗಾಲ ಬಂತೆಂದರೆ ನಿದ್ದೆಗೆಡುವ ಕಾಲ ಬಂತೆಂದೇ ಲೆಕ್ಕ.

ಮಗಳನ್ನು ಕೇಳಿದರೆ ಬೇರೆಯದೇ ಉತ್ತರ. "ಹುಡುಗರ ಗುಂಪು ಕಂಡ್ರೆ ರಸ್ತೆಯ ಆ ಕಡೆ ಹೋಗ್ತೀನಿ, ನಿಜ. ಆದ್ರೆ ಇಲ್ಲಿ ಯಾರೂ ನನ್ನ ದಿಟ್ಟಿಸಿ ನೋಡಲ್ಲ, ಯಾರ ಮಗಳು ಅಂತ ಕೇಳಲ್ಲ. ರಾತ್ರಿ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿನಿಂದ ಮನೆಗೆ ನಾನೊಬ್ಳೇ ಬರೋದಕ್ಕೆ ಅಲ್ಲಿ ನೀವು ಬಿಟ್ಟಿದ್ರಾ?" ಎಂದಳು. ತಾಯಿ ಸುಮ್ಮನಾದರು. ನನಗೂ ಹೇಳಲು ಏನೂ ಇರಲಿಲ್ಲ.

ಏಕೆಂದರೆ ಊರಲ್ಲಿದ್ದರೆ ಕ್ಷೇಮ ಎನ್ನುವ ಧೈರ್ಯವನ್ನು ನಮ್ಮ ಹಾಸನ ಜಿಲ್ಲೆ 2024ರ ಏಪ್ರಿಲ್‌ನಲ್ಲಿ ಕಳೆದುಕೊಂಡಿದೆ. ಚುನಾವಣೆಯ ಹೊತ್ತಿನಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಬೀದಿಗೆ ಬಿದ್ದವು. ನೊಂದವರ ಮುಖವನ್ನೂ ಮರೆಮಾಡದೆ ಹಂಚಿದರು. ಆರೋಪ ಹೊತ್ತ ಆಗಿನ ಸಂಸದ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೋಗಿಬಿಟ್ಟರು; ಆ ಹೆಂಗಸರಿಗೆ ಹೋಗಲು ಎಲ್ಲಿ ಜಾಗವಿತ್ತು? 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣದಲ್ಲಿ ಧೈರ್ಯ ಮಾಡಿ ಸಾಕ್ಷಿ ಹೇಳಿದವಳು ಮನೆಕೆಲಸದ ಹೆಣ್ಣುಮಗಳು. ಅವಳಿಗಿದ್ದ ಅಪಾಯ ಕತ್ತಲ ರಸ್ತೆಯಲ್ಲಿರಲಿಲ್ಲ, ದುಡಿಯಲು ಹೋಗುತ್ತಿದ್ದ ಮನೆಯ ಗೋಡೆಗಳ ಒಳಗಿತ್ತು. ನಮ್ಮನ್ನು ನಂಬಿ ಬಂದವರನ್ನೂ ನಾವು ಕಾಯಲಿಲ್ಲ. 2025ರ ಮಾರ್ಚ್ 6ರ ರಾತ್ರಿ ಹಂಪಿ ಹತ್ತಿರದ ಸಾಣಾಪುರದಲ್ಲಿ ಇಸ್ರೇಲಿನ ಪ್ರವಾಸಿ ಹೆಣ್ಣುಮಗಳ ಮೇಲೂ ಅವಳಿಗೆ ಆತಿಥ್ಯ ಕೊಟ್ಟಿದ್ದ ಇಲ್ಲಿನ ಹೆಣ್ಣುಮಗಳ ಮೇಲೂ ಅತ್ಯಾಚಾರವಾಯಿತು. ಜೊತೆಗಿದ್ದ ಒಡಿಶಾದ ಯುವಕ ನೀರುಪಾಲಾದ.

ಫೋನು ಕಾಯುತ್ತದೆ ಎಂಬ ನಂಬಿಕೆಯನ್ನು ಮುರಿದ ಘಟನೆಯೂ ಒಂದಿದೆ. 2015ರ ಮಾರ್ಚ್ 7ರ ರಾತ್ರಿ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಬೆಂಗಳೂರಿನ ಐಟಿ ಕಂಪನಿಯೊಂದರಿಂದ ಕೆಲಸದ ಮೇಲೆ ಹೋಗಿದ್ದ ನಮ್ಮ ಕರಾವಳಿಯ ಹೆಣ್ಣುಮಗಳು ರೈಲಿಳಿದು ಪಾರ್ಕಿನ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದಳು. ಬೆಂಗಳೂರಿನಲ್ಲಿದ್ದ ಗಂಡನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಅವಳ ಕೊಲೆಯಾಯಿತು. ಹಿರೀಸಾವೆಯ ಆ ತಾಯಿಗೆ ಇದು ಗೊತ್ತಿಲ್ಲ. ನಾನು ಹೇಳಲೂ ಇಲ್ಲ. ಆ ಫೋನಿನ ಬೆಳಕೊಂದೇ ಅವರಿಗಿರುವ ಧೈರ್ಯ.

ಆದರೂ ಬೀದಿಯ ಭಯವೊಂದನ್ನೇ ಅಳೆಯುತ್ತಾ ಕೂತರೆ ಲೆಕ್ಕ ತಪ್ಪುತ್ತದೆ. ರಾತ್ರಿ ಒಂಟಿಯಾಗಿ ನಡೆಯಲು ನಿಮಗೆ ಧೈರ್ಯವಿದೆಯೇ ಎಂದು ಗ್ಯಾಲಪ್ ಸಂಸ್ಥೆ ದೇಶ ದೇಶಗಳಲ್ಲಿ ಕೇಳುತ್ತದೆ. 2024ರ ಅದರ ವರದಿಯಲ್ಲಿ ಮುಂಚೂಣಿಯಲ್ಲಿದ್ದ ದೇಶ ಕುವೈತ್. ಬೀದಿಯಲ್ಲಿ ನಡೆಯುವವರಿಗೆ ಅದು ನಿಜವೇ ಇರಬಹುದು. ಆದರೆ ಮನೆಕೆಲಸಕ್ಕೆ ಹೋದವಳಿಗೆ ಬೀದಿಗಿಳಿಯಲು ಬಿಡುವವರು ಯಾರು? ಅಲ್ಲಿನ ಕಫಾಲಾ ಪದ್ಧತಿಯಲ್ಲಿ ಅವಳ ವೀಸಾ ಕೆಲಸ ಕೊಟ್ಟವನಿಗೆ ಗಂಟು ಬಿದ್ದಿರುತ್ತದೆ. ಹೇಳದೆ ಕೇಳದೆ ಮನೆ ಬಿಟ್ಟರೆ ಅವಳೇ ಅಪರಾಧಿ. 2015ರಲ್ಲಿ ಕುವೈತ್ ಮನೆಕೆಲಸದವರಿಗೆಂದೇ ಕಾನೂನು ತಂದು ವಾರಕ್ಕೊಂದು ರಜೆ, ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಬಾರದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದು ಎಂದೆಲ್ಲ ಬರೆಯಿತು. ಆದರೆ ಮನೆಯ ಒಳಗೆ ಹೋಗಿ ನೋಡುವವರಿಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಸಾಫ್ಟ್‌ವೇರ್ ಗಂಡನ ಜೊತೆ ಅಮೆರಿಕಕ್ಕೆ ಹೋದವಳ ಸ್ಥಿತಿಯೂ ಒಂದು ಮಟ್ಟಿಗೆ ಇದೇ. ಅವಳಿಗೆ ಸಿಗುವ ಎಚ್-4 ವೀಸಾ ನಿಂತಿರುವುದು ಗಂಡನ ವೀಸಾದ ಮೇಲೆ. 2015ರ ಮೇ ತಿಂಗಳಿಂದ ಇಂಥವರಲ್ಲಿ ಕೆಲವರಿಗೆ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ, ಕೆಲಸದ ಪರವಾನಗಿ ಸಿಗುತ್ತಿದೆ. ಸಿಗದವಳ ಮೇಲೆ ಗಂಡ ಕೈ ಮಾಡಿದರೆ 911ಕ್ಕೆ ಫೋನ್ ಮಾಡುವ ಮೊದಲು ಅವಳು ನೂರು ಸಲ ಯೋಚಿಸುತ್ತಾಳೆ. ಅವನು ಕೆಲಸ ಕಳೆದುಕೊಂಡರೆ ಅವಳೂ ದೇಶ ಬಿಡಬೇಕಾಗಬಹುದು. ಡಬ್ಲಿನ್‌ನ ನರ್ಸಿಗೂ ಇವಳಿಗೂ ಇರುವ ಅಂತರ ದೇಶದ್ದಲ್ಲ. ನರ್ಸಿನ ಕೈಯಲ್ಲಿ ಅವಳದೇ ಸಂಬಳ, ಅವಳದೇ ಪಾಸ್‌ಪೋರ್ಟ್, ಅವಳದೇ ಕೀ ಇವೆ. ಹೆದರಿಕೆಯಾದರೂ ಅವಳು ಮನೆ ಬದಲಾಯಿಸಬಹುದು, ಆಸ್ಪತ್ರೆ ಬದಲಾಯಿಸಬಹುದು.

ನಮ್ಮ ಕಡೆಯಿಂದ ಕೊಲ್ಲಿಗೆ ಮನೆಕೆಲಸಕ್ಕೆ ಹೋದವರು ಬಹಳವಿಲ್ಲ, ಆಂಧ್ರದ ಕಡಪದಿಂದ ಹೋಗುವ ಹಾಗೆ ಇಲ್ಲಿಂದ ಸಾಲುಗಟ್ಟಿ ಹೋಗುವುದಿಲ್ಲ. ಹೋಗಿ ಬಂದವಳೊಬ್ಬಳು ಈಗ ಕೊಬ್ಬರಿ ಸುಲಿಯುವ ಕೆಲಸದಲ್ಲಿದ್ದಾಳೆ. ಕತ್ತಿಯ ಬೆನ್ನಿಂದ ಚಿಪ್ಪಿಗೆ ಎರಡು ಪೆಟ್ಟು, ಒಳಗಿನ ಉಂಡೆ ಒಡೆಯದಂತೆ ಹೊರಗೆ. ಮಾತಾಡುವಾಗ ಕೈ ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಕುವೈತ್, ಸೌದಿ ಸೇರಿ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಅಂಥ ಹೆಂಗಸಿಗೆ ಮೂವತ್ತು ತುಂಬದಿದ್ದರೆ ಮನೆಕೆಲಸಕ್ಕೆ ಅನುಮತಿಯೇ ಇಲ್ಲ. ಏಜೆಂಟರು ಈ ನಿಯಮ ದಾಟಿಸುವುದು ವಿಸಿಟ್ ವೀಸಾದಲ್ಲಿ. ಸರ್ಕಾರದ ಪುಸ್ತಕದಲ್ಲಿ ಹಾಗೆ ಹೋದವಳು ಕೆಲಸಕ್ಕೆ ಹೋದವಳೇ ಅಲ್ಲ. ಹಾಗಾಗಿ ವಿಮೆಯೂ ಇಲ್ಲ, ಕರಾರೂ ಇಲ್ಲ.

ಇದೆಲ್ಲ ಕೊಬ್ಬರಿ ಸುಲಿಯುವವಳಿಗೆ ಹೋಗಿ ಬಂದ ಮೇಲೆ ಗೊತ್ತಾಯಿತು. ಪಕ್ಕದಲ್ಲಿ ಸಿಪ್ಪೆ ಒಟ್ಟುತ್ತಿದ್ದ ಇಪ್ಪತ್ತೇಳರ ಹೆಣ್ಣುಮಗಳು, ಹಾಸನದ ಅಂಚೆ ಕಚೇರಿಯಲ್ಲಿ ಮಾಡಿಸಿದ ಹೊಸ ಪಾಸ್‌ಪೋರ್ಟಿನ ಮಾತೆತ್ತಿದಳು. ಏಜೆಂಟ್ ಮಸ್ಕತ್ತಿಗೆ ಕಳಿಸುತ್ತಾನಂತೆ, ಖರ್ಚೆಲ್ಲ ಅವನದೇ ಅಂತೆ.

"ಸಂಬ್ಳ ಎಷ್ಟು ಅಂತ ಆಮೇಲೆ ಕೇಳು ಕಣವ್ವ. ಮೊದ್ಲು ವೀಸಾ ಯಾವ್ದು ಕೇಳು. ಪಾಸ್‌ಪೋರ್ಟ್ ಯಾರ ತಾವ ಇರ್ತದೆ ಕೇಳು. ಫೋನು ನಿನ್ ಕೈಲಿರ್ತದಾ ಕೇಳು. ಕನ್ನಡದಲ್ಲೋ ತೆಲುಗಲ್ಲೋ ಮಾತಾಡೋರು ಒಬ್ರಾದ್ರೂ ಅಲ್ಲವ್ರಾ ಕೇಳು."

ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಫೋನ್ ಹಚ್ಚಿದಳು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ. "ಅಣ್ಣಾ, ಅದು ವಿಸಿಟ್ ವೀಸಾನಾ, ಕೆಲಸದ ವೀಸಾನಾ?"

"ಮೊದಲು ಮುಂಬೈಗೆ ಬಾರಮ್ಮ, ಅಲ್ಲಿ ಎಲ್ಲ ಹೇಳ್ತೀವಿ."

"ಈಗ್ಲೇ ಹೇಳಿ."

ಆ ಕಡೆಯಿಂದ ಉತ್ತರ ಬರಲಿಲ್ಲ. ಅವಳು ಎರಡನೆಯ ಪ್ರಶ್ನೆ ಕೇಳಿದಳು.