ಗಾಳಿ ವಿದ್ಯುತ್ತು: ಡೆನ್ಮಾರ್ಕಿನ ಸಹಕಾರಿಗಳು ಕಲಿಸಿದ ಪಾಠ

ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ನೀರು ಹಾರಿಸಲು, ಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ನಾವು ಡೀಸೆಲ್ಲನ್ನೋ ವಿದ್ಯುತ್ತನ್ನೋ ನಂಬಿದವರು. ಆದ್ದರಿಂದ, ಹೊಗೆಯಿಲ್ಲದ ಹೊಸ ಶಕ್ತಿಮೂಲಗಳನ್ನು ಬೆಳೆಸಲು ಒಂದು ದೇಶ ಏನು ಮಾಡಬಲ್ಲದು ಎಂಬ ಪ್ರಶ್ನೆ ನಮಗೆ ದೂರದ್ದಲ್ಲ. ಹಾಲಿನ ಸಹಕಾರ ಸಂಘಗಳಿಗೆ ಹೆಸರಾದ ಯುರೋಪಿನ ಪುಟ್ಟ ದೇಶ ಡೆನ್ಮಾರ್ಕ್ ಇದಕ್ಕೆ ಒಳ್ಳೆಯ ನಿದರ್ಶನ.

ಮೇಷ್ಟರ ಗಾಳಿಯಂತ್ರ

1891ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ಜನತಾ ವಿದ್ಯಾಪೀಠದ ಉಪಾಧ್ಯಾಯ ಪೌಲ್ ಲ ಕೂರ್ ಅವರು ಗಾಳಿಯಂತ್ರದಿಂದ ವಿದ್ಯುತ್ತು ತೆಗೆದರು. ಅವರ ಶಿಷ್ಯ ಯೊಹಾನೆಸ್ ಯೂಲ್ ಅವರು 1957ರಲ್ಲಿ ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಗಳ, 200 ಕಿಲೋವ್ಯಾಟಿನ ಯಂತ್ರ ನಿಲ್ಲಿಸಿದರು. ಅದು ಹತ್ತು ವರ್ಷ ದುಡಿಯಿತು. ಆದರೆ ಎಣ್ಣೆ ಅಗ್ಗವಾಗಿದ್ದ ಕಾಲ. ಯಾರೂ ಅದನ್ನು ಮುಂದುವರಿಸಲಿಲ್ಲ.

1973ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿದಾಗ ಆ ದೇಶಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡ 90 ಭಾಗ ಆಮದು ಎಣ್ಣೆಯದೇ ಆಗಿತ್ತು. ಆಗ ಗೆಡ್ಸರ್ ಯಂತ್ರದ ನೆನಪಾಯಿತು.

ಸರ್ಕಾರ ಮಾಡಿದ್ದೇನು?

ಪಶ್ಚಿಮ ಜರ್ಮನಿ ಒಮ್ಮೆಗೇ 3,000 ಕಿಲೋವ್ಯಾಟಿನ ಭಾರೀ ಯಂತ್ರಕ್ಕೆ ಕೈಹಾಕಿತು. 1983ರಲ್ಲಿ ನಿಂತ ಅದು ಕೆಲವು ನೂರು ಗಂಟೆ ಮಾತ್ರ ಓಡಿ ಮೂಲೆ ಸೇರಿತು. ಡೆನ್ಮಾರ್ಕಿನಲ್ಲಿ ಬಡಗಿಗಳು, ಕಮ್ಮಾರರು, ಕೃಷಿ ಉಪಕರಣ ಮಾಡುವವರು 22, 55 ಕಿಲೋವ್ಯಾಟಿನ ಸಣ್ಣ ಯಂತ್ರಗಳನ್ನು ಕಟ್ಟಿ, ತಪ್ಪು ತಿದ್ದುತ್ತಾ ದೊಡ್ಡದು ಮಾಡಿದರು.

ಸರ್ಕಾರ ತಾನೇ ಯಂತ್ರ ಕಟ್ಟಲು ಹೊರಡಲಿಲ್ಲ. ಮುಖ್ಯವಾಗಿ ಮೂರು ಆಸರೆ ಕೊಟ್ಟಿತು. ಮೊದಲನೆಯದಾಗಿ, 1978ರಲ್ಲಿ ರಿಸೋ ಎಂಬಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. ಬಿರುಗಾಳಿಯಲ್ಲಿ ಯಂತ್ರ ಅಂಕೆ ತಪ್ಪದಂತೆ ಭದ್ರವಾದ ಬ್ರೇಕ್ ಇರಲೇಬೇಕೆಂದು ಕೇಂದ್ರ ಪಟ್ಟುಹಿಡಿಯಿತು. ಎರಡನೆಯದಾಗಿ, 1979ರಿಂದ ವೆಚ್ಚದ ಶೇಕಡ 30ರಷ್ಟು ಸಹಾಯಧನ ಕೊಟ್ಟಿತು. ಆದರೆ ಆ ಕೇಂದ್ರ ಒಪ್ಪಿದ ಯಂತ್ರಕ್ಕೆ ಮಾತ್ರ. ಯಂತ್ರಗಳು ಸುಧಾರಿಸಿದಂತೆ ಈ ಸಹಾಯಧನವನ್ನು ಇಳಿಸುತ್ತಾ ಬಂದು 1989ರಲ್ಲಿ ನಿಲ್ಲಿಸಿತು. ಮೂರನೆಯದಾಗಿ, ರೈತರ ಗಾಳಿ ವಿದ್ಯುತ್ತನ್ನು ಸರಬರಾಜು ಕಂಪನಿಗಳು ಕೊಳ್ಳುವ ಏರ್ಪಾಡು ಮಾಡಿತು.

ಊರವರ ಷೇರು

ಮಿಕ್ಕ ಕೆಲಸ ಸಹಕಾರದ್ದು. ಒಬ್ಬರಿಂದ ಆಗದ ಯಂತ್ರವನ್ನು ಊರವರು ಷೇರು ಹಾಕಿ ತಂದರು. ಬಂದ ಆದಾಯವನ್ನು ಷೇರಿಗೆ ತಕ್ಕಂತೆ ಹಂಚಿಕೊಂಡರು. 2000ದಲ್ಲಿ ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ ನಿಂತ 20 ಯಂತ್ರಗಳಲ್ಲಿ ಅರ್ಧ, 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ಇತ್ತೀಚಿನ ವರ್ಷಗಳಲ್ಲಿ ಆ ದೇಶದ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಭಾಗ ಗಾಳಿಯಿಂದಲೇ ಬರುತ್ತಿದೆ.

ಇನ್ನೊಂದು ಮುಖವೂ ಉಂಟು. ಯಂತ್ರಗಳು ದೊಡ್ಡದಾಗಿ ಒಡೆತನ ಕಂಪನಿಗಳ ಕೈಸೇರಿದಂತೆ ಹಳ್ಳಿಗರು ಹೊಸ ಯಂತ್ರಗಳನ್ನು ವಿರೋಧಿಸತೊಡಗಿದರು. ಸುತ್ತಲಿನವರಿಗೆ ಕನಿಷ್ಠ ಶೇಕಡ 20ರಷ್ಟು ಪಾಲು ಕೊಳ್ಳುವ ಅವಕಾಶ ಕೊಡಬೇಕೆಂದು 2008ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಪಾಲಿದ್ದವನಿಗೆ ರೆಕ್ಕೆಯ ಸದ್ದು ಸಂಪಾದನೆ. ಇಲ್ಲದವನಿಗೆ ಬರೀ ಗದ್ದಲ.

ನಮಗೇನು?

ಈ ಅನುಭವ ನಮ್ಮ ದೇಶಕ್ಕೂ ಬಂದಿದೆ. ತಮಿಳುನಾಡಿನ ಕಯತ್ತಾರಿನ ಗಾಳಿಯಂತ್ರ ಪರೀಕ್ಷಾ ಕೇಂದ್ರ ಡೆನ್ಮಾರ್ಕಿನ ನೆರವಿನಿಂದ ಆದದ್ದು. ನಮ್ಮ ತೋಟಗಳಿಗೆ ಹೊಂದುವುದು ಸೌರಪಂಪು ಇರಬಹುದು, ಗೋಬರ್ ಗ್ಯಾಸ್ ಇರಬಹುದು. ಯಾವುದೇ ಆಗಲಿ, ಸಹಾಯಧನವೆಷ್ಟು ಎಂದು ಕೇಳುವ ಮೊದಲು ಪರೀಕ್ಷೆ ಮಾಡಿದವರು ಯಾರು, ಕೆಟ್ಟರೆ ರಿಪೇರಿಗೆ ಬರುವವರು ಯಾರು ಎಂದು ಕೇಳೋಣ. ಒಬ್ಬೊಬ್ಬರೇ ಕೊಳ್ಳುವ ಬದಲು ಸಂಘದ ಮೂಲಕ ಒಟ್ಟಾಗಿ ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಸದಸ್ಯ ಬಾಂಧವರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತರಬೇಕೆಂದು ಕೋರುತ್ತೇವೆ.